ಸದ್ದಡಗಿದ ತೂಗುಸೇತುವೆ

ಎಲೆ ಉದುರುವ ಕಾಲದ ಭಾನುವಾರಗಳಲ್ಲಿ, ಉದ್ಯಾನದ ಕಣಿವೆಗೆ ಕಟ್ಟಿದ ತೂಗುಸೇತುವೆಗೆ ಟಿಕೆಟ್ ಇಲ್ಲ. ಬಿಟ್ಟಿ ಎಂದಮೇಲೆ ಕೇಳಬೇಕೆ? ಬುತ್ತಿ ಕಟ್ಟಿಕೊಂಡು, ಮಕ್ಕಳುಮರಿ ಸಮೇತ ಊರಿಗೆ ಊರೇ ಬರುತ್ತದೆ.

ಅಲ್ಲಿನ ಕಾವಲುಗಾರನಿಗೆ ಜನ ಇಟ್ಟ ಹೆಸರು ಕಿವಿ ತಾತ. ಇಪ್ಪತ್ತೆರಡು ವರ್ಷ ಆತ ತಲೆ ಎಣಿಸಿದವನಲ್ಲ, ಸೇತುವೆ ಕಿರುಗುಟ್ಟುವುದನ್ನು ಕೇಳಿದವನು. ಸದ್ದು ಸಣ್ಣಗಿದ್ದರೆ ಬಿಡುತ್ತಿದ್ದ. ನರಳಿದಂತಾದರೆ ಕೈ ಅಡ್ಡ ಹಿಡಿಯುತ್ತಿದ್ದ. ಎಂಥ ಸಾಹೇಬನಾದರೂ ಅಲ್ಲೇ ನಿಲ್ಲುತ್ತಿದ್ದ.

ಈ ಭಾನುವಾರ ಹತ್ತು ಜನ ಹತ್ತಿದರು, ಇಪ್ಪತ್ತು ಜನ ಹತ್ತಿದರು. ಅವರಲ್ಲಿ ತಾತನ ಮಗಳೂ ಪುಟ್ಟ ಮೊಮ್ಮಗಳೂ ಇದ್ದರು. ಸೇತುವೆ ತೂಗಾಡಿತೇ ಹೊರತು ಕಿರ್ ಎನ್ನಲಿಲ್ಲ. ತಾತ ಪಕ್ಕದಲ್ಲಿದ್ದ ಉದ್ಯಾನದ ಮೇಲ್ವಿಚಾರಕನತ್ತ ತಿರುಗಿದ.

"ನಿನ್ನೆ ಸೇತುವೆ ಕೀಲುಗಳಿಗೆಲ್ಲಾ ಗ್ರೀಸ್ ಹಾಕಿಸ್ದೆ," ಎಂದು ಮೇಲ್ವಿಚಾರಕ ಬೀಗಿದ. "ಆ ಸದ್ದಿಗೆ ಮಕ್ಳು ಹೆದರ್ಕೋತಾವಂತೆ."

"ಹೆದರ್ಕೊಳ್ಲಿ ಸ್ವಾಮಿ! ಈಗ ನಾನು ಏನು ಕೇಳಿ ಜನಾನ ತಡೀಲಿ?"

"ಬಂದೋರನ್ನ ಬಿಡ್ತಾ ಇರಿ ತಾತ, ಸಾಕು."

ತಾತ ಕೈ ಅಡ್ಡ ಹಿಡಿದ. ಜನ ನಗುತ್ತ ಅವನ ತೋಳಿನಡಿಯಿಂದಲೇ ನುಸುಳಿದರು. ಇಷ್ಟು ವರ್ಷ ಅವರು ಅಂಜಿದ್ದು ತನ್ನ ಕೈಗಲ್ಲ, ಆ ಸದ್ದಿಗೆ ಎಂದು ಅವನಿಗೆ ಆಗ ತಿಳಿಯಿತು. ಮೂವತ್ತಾಯಿತೋ, ಐವತ್ತಾಯಿತೋ, ಎಣಿಸಿ ರೂಢಿಯಿಲ್ಲದವನಿಗೆ ಲೆಕ್ಕ ತಪ್ಪಿತು. ಸೇತುವೆಯ ನಡು ಮಾತ್ರ ಎಂದೂ ಇಳಿಯದಷ್ಟು ಕೆಳಗಿಳಿದಿತ್ತು.

ಆ ನಡುವಿನಿಂದಲೇ ಮೊಮ್ಮಗಳು ಕೈಬೀಸಿ ಕೂಗಿದಳು:

"ತಾತಾ, ಇವತ್ತು ಸದ್ದೇ ಇಲ್ಲ! ನಾವೆಲ್ಲಾ ಒಟ್ಟಿಗೆ ಕುಣೀತೀವಿ, ನೋಡು!"