ಷೆಡ್ಡಿನಲ್ಲಿದ್ದ ಅಕ್ಕನ ನಾಯಿ

ದೊಡ್ಡಿ ಎಂದರೆ ಏನೆಂದು ನನ್ನ ಮೊಮ್ಮಕ್ಕಳಿಗೆ ಗೊತ್ತಿಲ್ಲ. ನಾವು ಚಿಕ್ಕವರಿದ್ದಾಗ ಸಾರಕ್ಕಿಯಲ್ಲಿ ಒಬ್ಬರ ದನ ಇನ್ನೊಬ್ಬರ ಪೈರಿಗೆ ಬಾಯಿ ಹಾಕಿದರೆ ಅದನ್ನು ಹಿಡಿದು ದೊಡ್ಡಿಯಲ್ಲಿ ಕೂಡುತ್ತಿದ್ದರು. ಒಡೆಯ ಹೋಗಿ, ಇದು ನಮ್ಮದು ಎಂದು ಒಪ್ಪಿಕೊಂಡು, ದಂಡ ಕಟ್ಟಿ ಬಿಡಿಸಿಕೊಂಡು ಬರಬೇಕಿತ್ತು. ಒಂದು ಸಲ ನಮ್ಮ ಎತ್ತು ದೊಡ್ಡಿ ಸೇರಿತು. ಅಪ್ಪ ಹೋಗಿ ನಮ್ಮದು ಎಂದದ್ದೇ ತಡ, ಆ ಹೊಲದಲ್ಲಿ ಯಾರ್ಯಾರ ದನ ಮೇಯ್ದಿದ್ದವೋ ಎಲ್ಲವನ್ನೂ ಅಪ್ಪನ ತಲೆಗೆ ಕಟ್ಟಿದರು. ಟವೆಲನ್ನು ಕಂಕುಳಲ್ಲಿ ಇರುಕಿಕೊಂಡು ಊರವರ ಮುಂದೆ ತಲೆ ತಗ್ಗಿಸಿ ನಿಂತಿದ್ದ ಅಪ್ಪನನ್ನು ನಾನು ನೋಡಿದ್ದೆ. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಮಾತು ಉಳಿಯಿತು. ಕೂಡಿಹಾಕಿದ ಪ್ರಾಣಿಯ ಮುಂದೆ ಯಾರಾದರೂ ನಿಲ್ಲಿಸಿ ಇದು ಯಾರದು ಎಂದು ಕೇಳಿದರೆ, ನಮ್ಮದು ಅನ್ನಬಾರದು. ಮೊದಲು ಮನೆಗೆ ಬಂದು ಹೇಳಬೇಕು.

ಮುಂದಿನದು ಅರ್ಥವಾಗಬೇಕಾದರೆ ಇದು ತಿಳಿದಿರಬೇಕು.

ಅಕ್ಕನನ್ನು ಕನಕಪುರದ ಕಡೆಗೆ ಕೊಟ್ಟಿದ್ದರು. ಗಂಡ ಇನ್ನೊಬ್ಬಳನ್ನು ಮನೆಗೆ ಕರೆತಂದ ಮೇಲೆ ಒಂದು ತಗಡಿನ ಪೆಟ್ಟಿಗೆ ಹಿಡಿದುಕೊಂಡು ವಾಪಸು ಬಂದಳು. ಆಗ ಅಪ್ಪ ತೀರಿಕೊಂಡಿದ್ದರು. ಮನೆಯಲ್ಲಿ ಅವ್ವ, ನಾನು, ಅಕ್ಕ ಮೂವರೇ. ಕೆರೆಯ ಕೆಳಗಿನ ತುಂಡು ಜಮೀನಿನಲ್ಲಿ ಸೊಪ್ಪು ಬೆಳೆಯುತ್ತಿದ್ದೆವು. ಅಕ್ಕ ಬಂದವಳೇ ಸೊಪ್ಪಿನ ಮಡಿಗಳಲ್ಲಿ ಕುಳಿತಳು, ಮತ್ತೆ ಏಳಲಿಲ್ಲ ಎಂದೇ ಹೇಳಬೇಕು. ಮಾತು ಬಹಳ ಕಡಿಮೆ. ಅವ್ವ ಏನಾದರೂ ಕೇಳಿದರೆ ಹೂಂ ಅನ್ನುತ್ತಿದ್ದಳು, ಇಲ್ಲದಿದ್ದರೆ ಅದೂ ಇಲ್ಲ.

ಆ ನಾಯಿ ಎಲ್ಲಿಂದ ಬಂತೋ ಗೊತ್ತಿಲ್ಲ. ಕಂದು ಬಣ್ಣದ ಹೆಣ್ಣು ನಾಯಿ, ಎಡಗಿವಿ ಸೀಳಿತ್ತು. ಒಂದು ಬೆಳಿಗ್ಗೆ ಬಾವಿಯ ಹತ್ತಿರ ಮಲಗಿತ್ತು. ಅಕ್ಕ ತನ್ನ ಮುದ್ದೆಯಲ್ಲಿ ಒಂದು ತುತ್ತು ಮುರಿದು ಹಾಕಿದಳು. ಅದು ತಿನ್ನುವ ಮೊದಲು ಅಕ್ಕನ ಮುಖ ನೋಡಿತು, ತಿಂದ ಮೇಲೂ ನೋಡಿತು. ಅಷ್ಟು ಸಾಧು ಪ್ರಾಣಿಯನ್ನು ನಾನು ಕಂಡಿಲ್ಲ. ಕೋಳಿಗಳು ಅದರ ಬೆನ್ನ ಮೇಲೆ ಹತ್ತಿ ಇಳಿಯುತ್ತಿದ್ದವು. ಮಡಿಗಳನ್ನು ತುಳಿಯದೆ ನಡುವಿನ ಬದುವಿನ ಮೇಲೆಯೇ ನಡೆಯುವುದನ್ನು ಕಲಿತಿತ್ತು. ಅಕ್ಕ ಅದಕ್ಕೆ ಹೆಸರಿಡಲಿಲ್ಲ, ಕೂಸೇ ಎಂದು ಕರೆಯುತ್ತಿದ್ದಳು. ಕಳೆ ಕೀಳುತ್ತಾ ಅದರ ಜೊತೆ ಏನೋ ಮಾತಾಡುತ್ತಿದ್ದಳು. ನಾನು ಹತ್ತಿರ ಹೋದರೆ ನಿಲ್ಲಿಸುತ್ತಿದ್ದಳು. ಗಂಡನ ಮನೆಯಲ್ಲಿ ಏನು ನಡೆಯಿತೆಂದು ನಮಗೆ ಹೇಳದ್ದನ್ನೆಲ್ಲ ಅದಕ್ಕೆ ಹೇಳಿದ್ದಳೆಂದು ಕಾಣುತ್ತದೆ.

ಆಗ ಜಯನಗರದಲ್ಲಿ ಹೊಸ ಮನೆಗಳು ಏಳುತ್ತಿದ್ದವು. ಅಕ್ಕ, ನಾನು ಸೊಪ್ಪಿನ ಮಂಕರಿ ಹೊತ್ತು ಬೆಳಗಾಗುವಷ್ಟರಲ್ಲಿ ಅಲ್ಲಿಗೆ ಹೋಗುತ್ತಿದ್ದೆವು. ನಾಯಿ ಕೆರೆ ಏರಿಯವರೆಗೆ ಬರುತ್ತಿತ್ತು. ಅಕ್ಕ ತಿರುಗಿ ನೋಡಿದರೆ ಸಾಕು, ಅಲ್ಲೇ ನಿಂತು ಹಿಂದಕ್ಕೆ ಹೋಗುತ್ತಿತ್ತು. ಒಂದು ದಿನ ಅಕ್ಕನಿಗೆ ಜ್ವರ. ನಾನೊಬ್ಬಳೇ ಹೊರಟೆ. ಏರಿಯ ಮೇಲೆ ನಾನೂ ತಿರುಗಿ ನೋಡಿದೆ, ಆದರೆ ಅದು ನಿಲ್ಲಲಿಲ್ಲ. ಬರಲಿ ಬಿಡು ಎಂದುಕೊಂಡೆ. ಜಯನಗರದಲ್ಲಿ ಒಂದು ಮನೆಯ ಹಿತ್ತಲಿಗೆ ಸೊಪ್ಪು ಕೊಡಲು ಹೋಗಿ ಹೊರಗೆ ಬಂದಾಗ ಅದು ಇರಲಿಲ್ಲ. ಮನೆಗೆ ಹೋಗಿರುತ್ತದೆ ಎಂದು ನನ್ನ ವ್ಯಾಪಾರ ನೋಡಿಕೊಂಡೆ.

ಮನೆಗೆ ಹೋಗಿರಲಿಲ್ಲ. ಅಕ್ಕ ಜ್ವರದಲ್ಲೇ ಎದ್ದು ಕೆರೆ ಸುತ್ತಿದಳು. ಮಾರನೆಯ ದಿನ ಪುಟ್ಟೇನಹಳ್ಳಿಯ ಕಡೆ ಹೋದಳು. ನಿನ್ನ ಹಿಂದೆ ಬಂತೇ ಎಂದು ಕೇಳಿದಾಗ ಏರಿಯವರೆಗೆ ಬಂತು ಎಂದೆ. ಅದು ಸುಳ್ಳಲ್ಲ, ನಿಜವೂ ಅಲ್ಲ. ಜ್ವರ ಬಿಟ್ಟರೂ ಅವಳು ವ್ಯಾಪಾರಕ್ಕೆ ಬರಲಿಲ್ಲ. ಹುಡುಕುವುದೇ ಕೆಲಸವಾಯಿತು.

ಆ ವಾರದಲ್ಲೇ ನಾನು ಅದನ್ನು ಕಂಡೆ. ನಾವು ಸೊಪ್ಪು ಕೊಡುತ್ತಿದ್ದ ಮನೆಗಳಲ್ಲಿ ರಿಟೈರಾದ ಒಬ್ಬರು ಯಜಮಾನರಿದ್ದರು. ಕಾರ್ಪೊರೇಷನ್ನಿನ ಗಾಡಿ ಬೀದಿನಾಯಿಗಳನ್ನು ಹಿಡಿದುಕೊಂಡು ಹೋಗಿ ಕೊಲ್ಲುತ್ತಿದ್ದ ಕಾಲ ಅದು. ಇವರು ಗಾಡಿಯವರನ್ನು ಕೇಳಿಕೊಂಡು, ಕಚ್ಚದ ನಾಯಿಗಳನ್ನು ತಮ್ಮ ಹಿತ್ತಲಿನ ತಗಡಿನ ಷೆಡ್ಡಿನಲ್ಲಿ ಇಳಿಸಿಕೊಳ್ಳುತ್ತಿದ್ದರು. ಯಾರಾದರೂ ಸಾಕುವವರು ಬಂದರೆ ಕೊಡುತ್ತಿದ್ದರು. ಯಾರೂ ಬರದೆ ಉಳಿದವನ್ನು ಮುಂದಿನ ಸಲ ಗಾಡಿಯವರು ಹತ್ತಿಸಿಕೊಂಡು ಹೋಗುತ್ತಿದ್ದರು. ಷೆಡ್ಡಿನ ಜಾಲರಿಯ ಹಿಂದೆ, ಬೊಗಳುತ್ತಿದ್ದ ನಾಲ್ಕಾರು ನಾಯಿಗಳ ನಡುವೆ, ನಮ್ಮದು ಸುಮ್ಮನೆ ಕುಳಿತಿತ್ತು. ನನ್ನನ್ನು ಕಂಡು ಎದ್ದು ಬಂದು ಜಾಲರಿಗೆ ಮೂತಿ ಒತ್ತಿತು. ಬಾಲದ ಜೊತೆಗೆ ಇಡೀ ಸೊಂಟವೇ ಅಲ್ಲಾಡುತ್ತಿತ್ತು.

ಯಜಮಾನರು ನೋಡಿದರು. "ಏನಮ್ಮ, ನಿಮ್ಮನೇದಾ ಇದು?" ಎಂದರು.

ನನ್ನ ಕಣ್ಣಿಗೆ ಅದು ದೊಡ್ಡಿ. ಒಳಗೆ ಕೂಡಿದ ಪ್ರಾಣಿ, ಹೊರಗೆ ನಿಂತು ಯಾರದೆಂದು ಕೇಳುವ ದೊಡ್ಡ ಮನುಷ್ಯ. ಯಾರನ್ನೋ ಕಚ್ಚಿದೆಯೋ, ಯಾರ ತೋಟ ಹಾಳು ಮಾಡಿದೆಯೋ, ಏನನ್ನು ತಲೆಗೆ ಕಟ್ಟುತ್ತಾರೋ.

"ನಮ್ದಲ್ಲ ಸ್ವಾಮಿ," ಅಂದೆ.

ಅವರ ಹೆಂಡತಿ ಮೆಟ್ಟಿಲ ಮೇಲೆ ಕುಳಿತು ಸಬ್ಬಸಿಗೆ ಸೊಪ್ಪು ಆರಿಸುತ್ತಿದ್ದರು. "ನಮ್ಮ ಹತ್ರ ಒಂದಿನಾನೂ ಹಿಂಗೆ ಕುಣೀಲಿಲ್ಲ. ಸೊಪ್ಪಿನೋಳನ್ನ ಕಂಡ ತಕ್ಷಣ ಅದೇನು ವೈಯಾರ ನೋಡಿ," ಎಂದು ನಕ್ಕರು. ಬಹುಶಃ ಅದು ಸಸ್ಯಾಹಾರಿ ಇರಬೇಕು ಎಂದು ಯಜಮಾನರೂ ನಕ್ಕರು. ನಾನೂ ನಕ್ಕೆ. ಆಮೇಲೆ ಅವರು ತಮ್ಮ ಪಾಡಿಗೆ ಹೇಳಿದರು, ಇಂಥ ಸಾಧು ನಾಯಿಯನ್ನು ಯಾರೋ ಪ್ರೀತಿಯಿಂದ ಸಾಕಿದ್ದಾರೆ, ಬಂದು ನಮ್ಮದು ಎಂದರೆ ಸಾಕು, ಒಂದು ಕಾಸೂ ಕೇಳದೆ ಕೊಟ್ಟು ಕಳಿಸುತ್ತೇನೆ ಎಂದು.

ಆಗ ನಾನು ಹೇಳಬಹುದಿತ್ತು. ಆದರೆ ಈಗ ತಾನೇ ಅಲ್ಲ ಎಂದವಳು ಈಗ ಹೌದು ಎಂದರೆ ಇವರು ನನ್ನನ್ನು ಏನೆಂದುಕೊಳ್ಳುತ್ತಾರೆ? ನಾಯಿಯ ವಿಷಯಕ್ಕೇ ಸುಳ್ಳು ಹೇಳುವವಳು ನೆನ್ನೆಯ ಸೊಪ್ಪಿಗೆ ನೀರು ಚಿಮುಕಿಸಿ ಇವತ್ತಿನದು ಎನ್ನುವುದಿಲ್ಲವೇ? ಮಂಕರಿ ಎತ್ತಿಕೊಂಡು ಬಂದುಬಿಟ್ಟೆ. ಮನೆಗೆ ಹೋಗಿ ಅಕ್ಕನಿಗೆ ಹೇಳೋಣ, ಅವಳೇ ಬಂದು ಕೇಳಲಿ ಎಂದುಕೊಂಡು ದಾರಿ ಸವೆಸಿದೆ.

ಮನೆಯಲ್ಲಿ ಅಕ್ಕ ಕಾಲಿಗೆ ಚುಚ್ಚಿದ ಜಾಲಿ ಮುಳ್ಳು ತೆಗೆಯುತ್ತಾ ಕುಳಿತಿದ್ದಳು. ಗೌರವನಹಳ್ಳಿಯವರೆಗೂ ಹೋಗಿಬಂದಳಂತೆ. ನನ್ನ ಹಿಂದೆ ಜಯನಗರಕ್ಕೇ ಬಂದಿತ್ತು, ನಾನೇ ಬಿಟ್ಟು ಬಂದೆ, ಇವತ್ತು ಕಂಡೂ ಅಲ್ಲ ಎಂದೆ. ಇಷ್ಟನ್ನೂ ಒಟ್ಟಿಗೆ ಹೇಳಬೇಕಿತ್ತು. ನಾಳೆ ಹೇಳೋಣ ಎಂದುಕೊಂಡೆ.

ನಾಳೆಯೂ ಹಾಗೇ ಆಯಿತು, ನಾಡಿದ್ದೂ. ದಿನಾ ಅವರ ಮನೆಗೆ ಸೊಪ್ಪು ಕೊಡುತ್ತಿದ್ದೆ. ದಿನಾ ಅದು ಎದ್ದು ಬರುತ್ತಿತ್ತು. ಯಾರೂ ನೋಡದಿದ್ದಾಗ ಜಾಲರಿಯೊಳಗೆ ಬೆರಳು ತೂರಿಸುತ್ತಿದ್ದೆ, ಅದು ನೆಕ್ಕುತ್ತಿತ್ತು. ನನ್ನ ಕೈಯಲ್ಲಿ ಮನೆಯ ವಾಸನೆ ಇದ್ದಿರಬೇಕು. ವಿಲ್ಸನ್ ಗಾರ್ಡನ್ನಿನಿಂದ ಒಂದು ಸಂಸಾರ ನಾಯಿ ನೋಡಲು ಬಂದಿತ್ತು. ಅವರ ಮಕ್ಕಳು ಬಿಳಿ ಮರಿಯೊಂದನ್ನು ಎತ್ತಿಕೊಂಡು ಹೋದರು. ಇದನ್ನು ತೋರಿಸಿದ್ದಕ್ಕೆ ಕಿವಿ ಹರಿದಿದೆ, ವಯಸ್ಸೂ ಆಗಿದೆ ಎಂದರಂತೆ. ಅವತ್ತು ಯಜಮಾನರು ನನ್ನನ್ನೇ ಕೇಳಿದರು.

"ನೀನೇ ತಗೊಂಡು ಹೋಗಮ್ಮ. ಇನ್ನೇನು ಗಾಡಿಯೋರು ಬರ್ತಾರೆ. ನಿನ್ನ ಕಂಡ್ರೆ ಅದಕ್ಕೆ ಆಸೆ."

"ಮನೇಲಿ ಕೇಳ್ಕೊಂಡು ಬತ್ತೀನಿ ಸ್ವಾಮಿ," ಅಂದೆ.

ಸಾಕುವುದಕ್ಕೆ ಕೊಟ್ಟರು ಎಂದು ಹಿಡಿದುಕೊಂಡು ಹೋಗಿದ್ದರೆ ಎಲ್ಲವೂ ಮುಗಿಯುತ್ತಿತ್ತು. ಆದರೆ ಎಲ್ಲಿತ್ತು, ಯಾವಾಗ ಕಂಡೆ ಎಂದು ಅಕ್ಕ ಕೇಳುತ್ತಾಳೆ. ನಾನು ಇವತ್ತೇ ಕಂಡೆ ಎನ್ನಬೇಕು. ಮುಂದೊಂದು ದಿನ ಅವಳು ಮಂಕರಿ ಹೊತ್ತು ಬಂದಾಗ ಈ ಮನೆಯವರೇ ನಿಜ ಹೇಳಿಬಿಡುತ್ತಾರೆ. ಹೀಗೆಲ್ಲ ಲೆಕ್ಕ ಹಾಕುತ್ತಾ ಬಂದೆ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳಿಗೆ ಇಂಥ ಲೆಕ್ಕ ಮಾತ್ರ ಚೆನ್ನಾಗಿ ಬರುತ್ತಿತ್ತು.

ಎರಡು ದಿನ ಬಿಟ್ಟು ಹೋದಾಗ ಷೆಡ್ಡಿನ ಬಾಗಿಲು ತೆರೆದಿತ್ತು. ನೆಲ ತೊಳೆದು ನೀರು ಇನ್ನೂ ಆರಿರಲಿಲ್ಲ. ಅಮ್ಮಾವ್ರು ನನ್ನ ಮುಖ ನೋಡದೆ ಸೊಪ್ಪು ತೆಗೆದುಕೊಂಡರು. ಬೆಳಿಗ್ಗೆಯೇ ಗಾಡಿ ಬಂದಿತ್ತಂತೆ. ಅದು ತಾನಾಗಿಯೇ ಹತ್ತಿತಂತೆ, ಎಳೆಯಬೇಕಾಗಲಿಲ್ಲವಂತೆ. ಯಜಮಾನರು ಒಳಗೇ ಇದ್ದರು, ಹೊರಗೆ ಬರಲಿಲ್ಲ.

ಮನೆಗೆ ಬಂದೆ. ಅಕ್ಕ ಬಾವಿಯ ಹತ್ತಿರ ಸೊಪ್ಪನ್ನು ಬಾಳೆನಾರಿನಲ್ಲಿ ಕಟ್ಟುತ್ತಿದ್ದಳು. ಇನ್ನು ಹೇಳದಿದ್ದರೆ ಎದೆ ಒಡೆಯುತ್ತದೆ ಅನ್ನಿಸಿ ಅವಳ ಪಕ್ಕ ಕುಳಿತು ಬಾಯಿ ಬಿಟ್ಟೆ. ಜಯನಗರದ ಒಂದು ಮನೆಯಲ್ಲಿ ಕಂದು ನಾಯಿಯೊಂದಿತ್ತು, ಇವತ್ತು ಗಾಡಿಯವರು ತೆಗೆದುಕೊಂಡು ಹೋದರಂತೆ ಎಂದೆ. ಅಕ್ಕನ ಕೈ ನಿಂತಿತು.

"ಕಿವಿ ಸೀಳಿತ್ತಾ?"

"ಸರ್ಯಾಗಿ ನೋಡ್ಲಿಲ್ಲ ಕಣಕ್ಕ. ದೂರದಲ್ಲಿತ್ತು."

"ನಿನ್ನ ಕಂಡು ಎದ್ ಬಂತಾ?"

ಅವಳು ನನ್ನನ್ನೇ ನೋಡುತ್ತಿದ್ದಳು. ಗಂಡನ ಮನೆಯಿಂದ ಬಂದ ಮೇಲೆ ನನ್ನ ಕಣ್ಣಲ್ಲಿ ಕಣ್ಣಿಟ್ಟು ಅವಳು ಏನನ್ನಾದರೂ ಕೇಳಿದ್ದು ಅದೇ ಮೊದಲು.

"ಇಲ್ಲ," ಅಂದೆ.

ಅಕ್ಕ ಉಸಿರು ಬಿಟ್ಟಳು. "ಹಂಗಾರೆ ನಮ್ ಕೂಸಲ್ಲ ಬಿಡು. ಅದಾಗಿದ್ರೆ ನಿನ್ನ ಕಂಡು ಸುಮ್ಕೆ ಕೂತಿರ್ತಿತ್ತಾ?" ಎಂದು ಮತ್ತೆ ನಾರು ಸುತ್ತತೊಡಗಿದಳು. ಅವಳ ಮುಖದಲ್ಲಿ ಒಂದು ಗೆಲುವಿತ್ತು.

ಅದು ಸತ್ತಿತೆಂದು ತಿಳಿದಿದ್ದರೆ ಅಕ್ಕ ಅತ್ತು, ನನ್ನನ್ನು ಬೈದು, ಒಂದು ದಿನ ಸುಧಾರಿಸಿಕೊಳ್ಳುತ್ತಿದ್ದಳು. ಬದುಕಿದೆ ಎಂದು ನಂಬಿ ಕಾದಳು. ಸಂಜೆ ಕೆರೆ ಏರಿಯ ಮೇಲೆ ನಿಂತು, ಬಾರೇ ಕೂಸೇ ಎಂದು ಕರೆಯುತ್ತಿದ್ದಳು. ಊರ ಹುಡುಗರು ಅವಳ ಹಾಗೆಯೇ ಕೂಗಿ ಅಣಕಿಸುತ್ತಿದ್ದರು. ನನ್ನ ಮದುವೆಯಾಗಿ ಮಕ್ಕಳಾದ ಮೇಲೂ, ತವರಿಗೆ ಹೋದಾಗಲೆಲ್ಲ ಆ ಕೂಗು ಕೇಳಿದ್ದೇನೆ. ಬೇರೆ ನಾಯಿ ತಂದುಕೊಡುತ್ತೇನೆ ಎಂದರೆ, ಕೂಸು ಬಂದು ನೋಡಿದರೆ ಬೇಜಾರು ಮಾಡಿಕೊಳ್ಳುತ್ತದೆ ಎನ್ನುತ್ತಿದ್ದಳು.

ಕಡೆಗಾಲದಲ್ಲಿ ಅಕ್ಕ ನನ್ನ ಮನೆಯಲ್ಲೇ ಇದ್ದಳು. ನಾನೇ ಗಂಜಿ ಕುಡಿಸಿದೆ, ತಲೆ ಬಾಚಿದೆ. ಇಬ್ಬರೇ ಇರುತ್ತಿದ್ದ ಮಧ್ಯಾಹ್ನಗಳು ಎಷ್ಟೋ ಇದ್ದವು. ನನ್ನನ್ನು ಕಂಡ ಪ್ರತಿ ದಿನವೂ ಅದು ಎದ್ದು ಬಂದಿತ್ತು ಎಂಬ ಒಂದು ಮಾತನ್ನು ಮಾತ್ರ ಆಗಲೂ ಹೇಳಲಿಲ್ಲ.