ಅಂಬುಜಮ್ಮ ಇಟ್ಟ ಆಣೆ

ದಟ್ಟಗಳ್ಳಿಯ ಆ ಬೀದಿಯಲ್ಲಿ ಒಂದು ಕಾಲಕ್ಕೆ ಯಾರ ಮನೆಯಲ್ಲೇ ಮಗು ಹುಟ್ಟಲಿ, ನೆಂಟರಿಗಿಂತ ಮೊದಲು ಅಂಬುಜಮ್ಮನಿಗೆ ಸುದ್ದಿ ಮುಟ್ಟುತ್ತಿತ್ತು. ಕೂಸಿಗೆ ಎರೆಯಲು ಅವಳೇ ಆಗಬೇಕು. ಅದಕ್ಕೆ ದುಡ್ಡು ಮುಟ್ಟಿದರೆ ಕೈಗುಣ ಹೋಗುತ್ತದೆಂದು ಅವಳ ನಂಬಿಕೆ. ಎಲೆಯಡಿಕೆ, ಒಂದು ರವಿಕೆ ಕಣ ಕೊಟ್ಟರೆ ಸಾಕು. ಮಣೆಯ ಮೇಲೆ ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಹಾಕಿಕೊಂಡು, ಹರಳೆಣ್ಣೆ ತಿಕ್ಕಿ, ಬಿಸಿನೀರು ಹುಯ್ದು, ಸಾಂಬ್ರಾಣಿ ಹೊಗೆ ತೋರಿಸಿ ಮಲಗಿಸಿದಳೆಂದರೆ ಮಧ್ಯಾಹ್ನದವರೆಗೆ ಮನೆಯಲ್ಲಿ ಸದ್ದಿಲ್ಲ.

ಮಲಗಿಸುವುದು ಯಾವಾಗಲೂ ಬೋರಲಾಗಿ. ಹೊಟ್ಟೆ ಹಾಸಿಗೆಗೆ ತಾಗಿದರೆ ಮಗು ಬೆಚ್ಚಿಬೀಳುವುದಿಲ್ಲ, ಗ್ಯಾಸು ನಿಲ್ಲುವುದಿಲ್ಲ, ತಲೆಯೂ ಗುಂಡಗೆ ಬರುತ್ತದೆ ಎನ್ನುವುದು ಅವಳ ಶಾಸ್ತ್ರ. ಬೀದಿಯಲ್ಲಿ ಕ್ರಿಕೆಟ್ ಆಡುವ ಹುಡುಗರನ್ನು ಎದುರುಮನೆಯ ಪ್ರೇಮಮ್ಮನಿಗೆ ತೋರಿಸಿ, "ಆ ತಲೆ ನಾನು ಮಾಡಿದ್ದು ಕಣ್ರೀ, ಅದೂ ನಂದೇಯ. ಆ ಚಪ್ಪಟೆ ಮಾತ್ರ ಅವರಜ್ಜಿ ಕೆಲ್ಸ" ಅನ್ನುತ್ತಿದ್ದಳು. ಜಂಬ ಇತ್ತು, ಇಲ್ಲವೆಂದರೆ ಸುಳ್ಳಾದೀತು. ನರಸೀಪುರದ ಕಡೆಯ ಹಳ್ಳಿಯಿಂದ ಬಂದು, ಸಿಟಿ ಬಸ್ಸಿನ ಡ್ರೈವರ್ ಸಿದ್ದರಾಜುವನ್ನು ಕಟ್ಟಿಕೊಂಡು, ಮೂರನೇ ಕ್ಲಾಸಿನ ಓದಿನಲ್ಲೇ ಸಂಸಾರ ದಡ ಹತ್ತಿಸಿದ ಹೆಂಗಸಿಗೆ ಅಷ್ಟು ಜಂಬವೂ ಬೇಡವೆಂದರೆ ಹೇಗೆ?

ಇರುವವನು ಒಬ್ಬನೇ ಮಗ, ರವಿಚಂದ್ರ. ಟೈಲ್ಸ್ ಅಂಗಡಿ ಇಟ್ಟಿದ್ದ. ಸೊಸೆ ಸುಮಾ ಒಂಟಿಕೊಪ್ಪಲಿನವಳು, ಬ್ಯಾಂಕಿನಲ್ಲಿ ಕೆಲಸ. ಮದುವೆಯಾದ ನಾಲ್ಕನೇ ವರ್ಷಕ್ಕೆ ಹೆಣ್ಣುಮಗು ಹುಟ್ಟಿತು. ಗಗನ ಎಂದು ಹೆಸರಿಟ್ಟರು. ಮೂರು ತಿಂಗಳು ತುಂಬಿದಾಗ ಬಾಣಂತಿಯನ್ನೂ ಕೂಸನ್ನೂ ದಟ್ಟಗಳ್ಳಿಗೆ ಕರೆತಂದರು. ಊರ ಮಕ್ಕಳಿಗೆಲ್ಲ ಎರೆದ ಕೈಗೆ ಕೊನೆಗೂ ತನ್ನ ಮನೆಯದೇ ಒಂದು ಕೂಸು ಸಿಕ್ಕಿತು.

ಜಗಳ ಶುರುವಾದದ್ದು ಮೊದಲ ದಿನವೇ. ಎರೆದು ತಂದು ಬೋರಲು ಮಲಗಿಸಿದ ಮಗುವನ್ನು ಸುಮಾ ಮೆಲ್ಲಗೆ ಅಂಗಾತ ತಿರುಗಿಸಿದಳು. "ಆಸ್ಪತ್ರೇಲಿ ಹೇಳಿ ಕಳ್ಸಿದಾರೆ ಅತ್ತೆ. ಮಕ್ಳನ್ನ ಅಂಗಾತಾನೇ ಮಲಗಿಸ್ಬೇಕಂತೆ. ದಿಂಬು ಬೇಡ, ಹೊದಿಕೆ ಮುಖದ ಹತ್ರ ಬರಬಾರ್ದಂತೆ. ಬೋರಲು ಮಲಗಿಸಿದ್ರೆ ಉಸಿರಿಗೆ ಅಪಾಯ ಅಂತೆ." ಅಂಬುಜಮ್ಮ ತಾನೇ ಹೊಲಿದು ತಂದ ಸಾಸಿವೆ ದಿಂಬನ್ನು ರವಿಚಂದ್ರ ಅಟ್ಟಕ್ಕೆ ಎಸೆದ. ಅವಳಿಗೆ ರೇಗಿತು.

"ನಿನ್ನೂ ಬೋರಲೇ ಆಕಿ ಬೆಳೆಸಿದ್ದು ಕಣೋ. ಸತ್ತೋದ್ಯಾ ನೀನು?"

ಅವನು ನಗಲಿಲ್ಲ. ಅವಳ ಬಲಗೈ ಹಿಡಿದು ತನ್ನ ನೆತ್ತಿಯ ಮೇಲೆ ಇಟ್ಟುಕೊಂಡ. "ನನ್ನ ತಲೆ ಮುಟ್ಟಿ ಆಣೆ ಮಾಡಮ್ಮ. ಮಗೂನ ಬೋರಲು ಮಲಗಿಸಲ್ಲ ಅಂತ ಹೇಳು."

ಒಬ್ಬನೇ ಮಗನ ತಲೆ. ಅಂಥ ಮನೆಗಳಲ್ಲಿ ಕೋರ್ಟಿನ ಕಾಗದಕ್ಕಿಂತ ಇದು ದೊಡ್ಡದು. ಮುರಿದರೆ ಕೇಡು ತಟ್ಟುವುದು ಮುರಿದವರಿಗಲ್ಲ, ಯಾರ ತಲೆಯೋ ಅವರಿಗೆ. ಅಂಬುಜಮ್ಮ ಗೊಣಗುತ್ತಲೇ ಆಣೆ ಇಟ್ಟಳು. ಅದನ್ನು ಅವಳು ಒಂದು ದಿನವೂ ಮುರಿಯಲಿಲ್ಲ. ಇದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಇದನ್ನು ನಂಬುವವರು ಯಾರೂ ಸಿಗುವುದಿಲ್ಲ.

ಆ ವಾರ ಗಗನಳಿಗೆ ಹೊಟ್ಟೆ ಸರಿಯಿರಲಿಲ್ಲ. ಅಂಗಾತ ಹಾಕಿದರೆ ಕೈಕಾಲು ಬಡಿದು ಅಳು, ಎತ್ತಿದರೆ ಸುಮ್ಮನೆ. ಸುಮಾಳಿಗೆ ನಿದ್ದೆಯೇ ಇಲ್ಲದೆ ಕಣ್ಣ ಸುತ್ತ ಕಪ್ಪಾಗಿತ್ತು. ಅನ್ನಕ್ಕೆ ಸಾರಿನ ಬದಲು ನೀರು ಹುಯ್ದುಕೊಂಡು ಕಲೆಸುವಷ್ಟು ಮಂಕು. ಅತ್ತೆಗೆ ನೋಡಿ ಕರುಳು ಚುರುಕ್ ಅನ್ನುತ್ತಿತ್ತು, ಆದರೆ "ನನ್ನ ಮಾತು ಕೇಳಿದ್ರೆ ಈ ಪಾಡು ಯಾಕೆ ಬರೋದು" ಎಂದು ಕುಟುಕುವುದನ್ನೂ ಬಿಡಲಿಲ್ಲ.

ಒಂದು ಮಧ್ಯಾಹ್ನ ಅಂಬುಜಮ್ಮ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಹಾಲಿನಲ್ಲಿ ಸಿದ್ದರಾಜು ಪೇಪರ್ ಓದುತ್ತಿದ್ದ. ಎದುರಿನ ರೂಮಿನ ಬಾಗಿಲು ತೆರೆದಿತ್ತು. ಅಡುಗೆಮನೆಯಿಂದ ಮಂಚ ಕಾಣುತ್ತಿತ್ತು. ಸುಮಾ ಹಾಲು ಕುಡಿಸಿ ಮಗುವನ್ನು ಪಕ್ಕದಲ್ಲಿ ಅಂಗಾತ ಮಲಗಿಸಿ ತಾನೂ ಒರಗಿದಳು. ಸ್ವಲ್ಪ ಹೊತ್ತಿಗೆ ಮಗು ಮತ್ತೆ ಅಳತೊಡಗಿತು. ಸುಮಾ ಕಣ್ಣು ಬಿಡಲಿಲ್ಲ. ಮುಚ್ಚಿದ ಕಣ್ಣಿನಲ್ಲೇ ಕೈ ಚಾಚಿ, ಕೂಸನ್ನು ಬೋರಲು ತಿರುಗಿಸಿ, ಬೆನ್ನು ತಟ್ಟಿದಳು. ಅಳು ನಿಂತಿತು. ತಟ್ಟುತ್ತಿದ್ದ ಕೈಯೂ ನಿಂತಿತು. ತಾಯಿ ಮಗಳು ಇಬ್ಬರಿಗೂ ನಿದ್ದೆ ಬಂದಿತ್ತು.

ಅಂಬುಜಮ್ಮ ಅದನ್ನು ಪೂರಾ ನೋಡಿದಳು. ನೋಡಿ ಖುಷಿಪಟ್ಟಳು. ಕೊನೆಗೂ ದಾರಿಗೆ ಬಂದಳಲ್ಲ ಎಂದು ಮನಸ್ಸಿನಲ್ಲೇ ನಕ್ಕು, ಕುಕ್ಕರಿನ ವಿಷಲ್ಲಿಗೆ ಎಚ್ಚರವಾದೀತೆಂದು ಎದ್ದು ಹೋಗಿ ಬಾಗಿಲು ಮುಂದಕ್ಕೆಳೆದಳು.

ಟೀ ಹೊತ್ತಿಗೆ ಸೊಸೆಯನ್ನು ಎಬ್ಬಿಸಲು ಹೋದವಳು ಮೊದಲು ಮಗುವನ್ನು ಮುಟ್ಟಿದಳು. ಎಷ್ಟೋ ಕೂಸುಗಳನ್ನು ಮುಟ್ಟಿದ ಕೈ ಅದು. ಅದಕ್ಕೆ ಆಗಲೇ ಗೊತ್ತಾಯಿತು. ಎತ್ತಿ ಎದೆಗೆ ಒತ್ತಿಕೊಂಡು ಕಿರುಚಿದಳು. ಸುಮಾ ಕಣ್ಣು ಬಿಟ್ಟಾಗ ಮಗು ಅತ್ತೆಯ ತೋಳಿನಲ್ಲಿತ್ತು; ಅದು ಹೇಗೆ ಮಲಗಿತ್ತೆಂದು ಅವಳು ನೋಡಲೇ ಇಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಏನೇನೋ ಮಾಡಿ, ಕೊನೆಗೆ ಹೊರಗೆ ಬಂದು ತಲೆಯಾಡಿಸಿದರು. ಅಂಗಡಿಯಿಂದ ಓಡಿಬಂದ ರವಿಚಂದ್ರ ಗೋಡೆಗೆ ಒರಗಿ ಕುಸಿದಿದ್ದ. ಡಾಕ್ಟರು ಕೇಳಿದರು, "ಮಗು ಹೇಗೆ ಮಲಗಿತ್ತು?"

"ಬೋರಲು ಮಲಗಿತ್ತು ಸಾರ್" ಎಂದಳು ಅಂಬುಜಮ್ಮ. ಬಾಯಿ ತಡೆಯುವ ಮೊದಲೇ ಮಾತು ಹೊರಬಿದ್ದಿತ್ತು.

"ಇಲ್ಲ, ನಾನು ಅಂಗಾತಾನೇ ಮಲಗಿಸಿದ್ದೆ," ಸುಮಾ ಅಂದಳು. "ಹಾಲು ಕುಡಿಸಿ ಅಂಗಾತ ಮಲಗಿಸ್ದೆ. ನಂಗೆ ಚೆನ್ನಾಗಿ ನೆನಪಿದೆ." ಅವಳು ಸುಳ್ಳು ಹೇಳುತ್ತಿರಲಿಲ್ಲ. ಅಷ್ಟೇ ಅವಳಿಗೆ ನೆನಪಿದ್ದದ್ದು. ನಿದ್ದೆಗಣ್ಣಿನಲ್ಲಿ ಕೈ ಮಾಡಿದ್ದು ತಲೆಗೆ ತಿಳಿದಿರಲಿಲ್ಲ. "ಹಂಗಾದ್ರೆ ಯಾರು ತಿರುಗಿಸಿದ್ದು? ನಾನಾ? ನಾನೇನಾದ್ರೂ ನಿದ್ದೇಲಿ..." ಎಂದು ತನ್ನ ಎರಡೂ ಅಂಗೈಗಳನ್ನು ನೋಡಿಕೊಳ್ಳತೊಡಗಿದಳು.

ಆ ಮುಖವನ್ನು ಅಂಬುಜಮ್ಮ ನೋಡಿದಳು. ಇನ್ನೊಂದು ಗಳಿಗೆ ಬಿಟ್ಟರೆ ಆ ಹುಡುಗಿಗೆ ನೆನಪಾಗುತ್ತದೆ ಅನ್ನಿಸಿತು.

"ನಾನೇ," ಎಂದಳು. "ನೀನು ಮಲಗಿದ ಮೇಲೆ ಅಳ್ತಿತ್ತು ಕಣಮ್ಮ. ನಾನೇ ಬಂದು ಬೋರಲು ಆಕ್ಬುಟ್ಟೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ರವಿಚಂದ್ರ ನೆಲದಿಂದ ತಲೆಯೆತ್ತಿ ತಾಯಿಯನ್ನು ನೋಡಿದ. "ನೀನು ನನ್ನ ತಲೆ ಮುಟ್ಟಿ ಹೇಳಿದ್ದೆ ಅಮ್ಮ," ಎಂದ. ಬೈಯಲಿಲ್ಲ, ಕೂಗಾಡಲಿಲ್ಲ. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಬೋರಲು ಮಲಗಿದ್ದಕ್ಕೇ ಹೀಗಾಯಿತೆಂದು ಖಚಿತವಾಗಿ ಹೇಳಲಾಗದು, ಅಪಾಯ ಹೆಚ್ಚುವುದು ನಿಜ, ಆದರೆ ಅಂಗಾತ ಮಲಗಿದ ಮಕ್ಕಳಿಗೂ ಅಪರೂಪಕ್ಕೆ ಹೀಗಾಗುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಆ ಹೊತ್ತಿಗೆ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಮಗುವನ್ನು ಮಣ್ಣು ಮಾಡಿ ಬಂದ ಮೇಲೆ ಸುಮಾಳನ್ನು ಅವಳ ತಾಯಿ ಸರ್ವಮಂಗಳಾ ಒಂಟಿಕೊಪ್ಪಲಿಗೆ ಕರೆದುಕೊಂಡು ಹೋದರು. ಹಿಂದೆಯೇ ರವಿಚಂದ್ರನೂ ಹೋಗಿ ಅಲ್ಲೇ ಉಳಿದ. ಹೋಗುವಾಗ ಅಪ್ಪನಿಗೆ ಹೇಳಿಹೋದ, ಅಮ್ಮನಿಗೆ ಹೇಳಲಿಲ್ಲ.

ಮನೆಯಲ್ಲಿ ಇಬ್ಬರೇ ಉಳಿದಾಗ ಸಿದ್ದರಾಜು ಕೇಳಿಯೇ ಕೇಳಿದ. "ಅವತ್ತು ನಾನು ಹಾಲ್ನಲ್ಲೇ ಕೂತಿದ್ದೆ ಕಣೇ. ಟೀ ಒತ್ತಿನ ಗಂಟ ನೀನು ಆ ರೂಮೊಳಿಕ್ಕೆ ಓಗ್ಲೇ ಇಲ್ಲ. ಬಾಗ್ಲು ಎಳ್ದೆ, ವಾಪಸ್ ಬಂದೆ. ಯಾಕೆ ಸುಳ್ಳೇಳ್ದೆ?"

ಅಂಬುಜಮ್ಮ ನೋಡಿದ್ದನ್ನೆಲ್ಲ ಹೇಳಿದಳು. "ಅವಳು ಇನ್ನೂ ಬಸ್ರಿಯಾಗ್ಬೇಕು, ಎತ್ಕೋಬೇಕು, ಆಲು ಕುಡಿಸ್ಬೇಕು. ತನ್ನ ಕೈಲೇ ಇಂಗಾಯ್ತು ಅಂತ ಗೊತ್ತಾದ್ರೆ ಆ ಕೈಲಿ ಇನ್ನೊಂದು ಕೂಸನ್ನ ಎಂಗೆ ಮುಟ್ತಾಳೆ? ಉಚ್ಚಿಯಾಗೋಯ್ತಾಳೆ. ನಂದೇನು, ನಂದು ಮುಗೀತಲ್ಲ."

"ಮಾಡ್ದೆ ಇರೋದನ್ನ ತಲೆ ಮೇಲೆ ಒತ್ಕೋತೀಯಾ?"

"ಮಾಡ್ದೆ ಇರೋದು ಎಂಗಾಯ್ತದೆ? ಕಂಡೆ. ಕಂಡು ನಕ್ಕೆ. ಬಾಗ್ಲೂ ಎಳ್ದೆ. ದಿನಾ ಕುಟುಕಿ ಕುಟುಕಿ ಅವಳ ಕೈಗೆ ಅದನ್ನ ಕಲಿಸ್ದೋಳೂ ನಾನೇಯ." ಸಿದ್ದರಾಜು ಮತ್ತೆ ಆ ಮಾತೆತ್ತಲಿಲ್ಲ. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟ. ಆಣೆ ಇಡು ಅನ್ನಲು ಅವಳಿಗೆ ಬಾಯಿ ಬರಲಿಲ್ಲ.

ಸುದ್ದಿಗೇನು, ಕಾಲಿಲ್ಲದೆಯೂ ನಡೆಯುತ್ತದೆ. ಪ್ರೇಮಮ್ಮನ ಮಗಳ ಬಾಣಂತನಕ್ಕೆ ಅಂಬುಜಮ್ಮನೇ ಎಂದು ಮೊದಲೇ ಮಾತಾಗಿತ್ತು. ಹೆರಿಗೆಯಾಗಿ ಮಗು ಮನೆಗೆ ಬಂದ ಮೇಲೂ ಕರೆ ಬರಲಿಲ್ಲ. ಬೆಳಗ್ಗೆ ಬೇರೆ ಯಾರೋ ಹೆಂಗಸು ಸೀಗೆಪುಡಿಯ ಡಬ್ಬ ಹಿಡಿದು ಎದುರುಮನೆಯ ಗೇಟು ತೆಗೆಯುವುದನ್ನು ಅಂಬುಜಮ್ಮ ಕಿಟಕಿಯಿಂದ ಕಂಡಳು. ಆಮೇಲೆ ಆ ಬೀದಿಯಲ್ಲಿ ಯಾವ ಮಗುವನ್ನೂ ಯಾರೂ ಅವಳ ಕೈಗೆ ಕೊಡಲಿಲ್ಲ. ಅವಳು ಗೇಟಿನಲ್ಲಿ ನಿಂತಿದ್ದರೆ ಮಗು ಎತ್ತಿಕೊಂಡು ಹೋಗುವವರು ರಸ್ತೆಯ ಆಚೆ ಮಗ್ಗುಲು ಹಿಡಿಯುತ್ತಿದ್ದರು. ಅದರಿಂದ ಅವಳಿಗೆ ನೋವಾಯಿತು, ತುಂಬಾ ನೋವಾಯಿತು. ಆದರೂ ಮಗನ ಫೋನು ಅಪ್ಪನ ಮೊಬೈಲಿಗೆ ಬಂದು, "ಎಲ್ಲಾ ಆರಾಮಾ?" ಎಂದು ಕೇಳಿ, ಅಮ್ಮನ ಹೆಸರು ಬಾರದೆಯೇ ಕಟ್ಟಾಗುತ್ತಿತ್ತಲ್ಲ, ಅದರ ಮುಂದೆ ಇದು ಏನೂ ಅಲ್ಲ.

ಎರಡು ವರ್ಷದ ಮೇಲೆ ಸುಮಾ ಮತ್ತೆ ಹೆತ್ತಳು. ಗಂಡು, ಚೈತನ್ಯ. ವರ್ಷ ತುಂಬುವವರೆಗೆ ಮಗು ದಟ್ಟಗಳ್ಳಿಗೆ ಬರುವುದಿಲ್ಲವೆಂದು ರವಿಚಂದ್ರ ತೀರ್ಮಾನ ಮಾಡಿದ್ದ. ಅಜ್ಜ ಅಜ್ಜಿ ಬೇಕಾದರೆ ಭಾನುವಾರ ಒಂಟಿಕೊಪ್ಪಲಿಗೆ ಹೋಗಿ ನೋಡಿಕೊಂಡು ಬರಬಹುದು. ಅಂಬುಜಮ್ಮ ಅಷ್ಟಕ್ಕೇ ಬದುಕಿದಳು. ಎಚ್ಚರವಿರುವ ಮಗುವನ್ನು ಎತ್ತಿಕೊಳ್ಳಲು ಯಾರೂ ಬೇಡವೆನ್ನುತ್ತಿರಲಿಲ್ಲ. ಮಗು ಆಕಳಿಸಿತೆಂದರೆ ಸಾಕು, ಯಾರೂ ಕೇಳುವ ಮುಂಚೆ ತಾನೇ ಎದ್ದು, "ತಕೋ ಕಣಮ್ಮ, ನಿದ್ದೆ ಬಂದದೆ ಇವನಿಗೆ" ಎಂದು ತಾಯಿಗೆ ಒಪ್ಪಿಸಿಬಿಡುತ್ತಿದ್ದಳು. ಸುಮಾ ಕಣ್ಣು ತಪ್ಪಿಸಿ ಈಸಿಕೊಳ್ಳುತ್ತಿದ್ದಳು. ರೂಮಿನೊಳಗೆ ಹೋಗಿ ಅಂಗಾತ ಮಲಗಿಸಿ, ಅಲ್ಲಿಯೇ ಕುರ್ಚಿ ಹಾಕಿಕೊಂಡು ಎದೆ ಏಳುವುದನ್ನೂ ಇಳಿಯುವುದನ್ನೂ ನೋಡುತ್ತಾ ಕೂರುತ್ತಿದ್ದಳು.

ಅಂಥದೇ ಒಂದು ಭಾನುವಾರ ಎಲ್ಲರೂ ಹಾಲಿನಲ್ಲಿ ಕೂತಿದ್ದಾಗ, ಚಾಪೆಯ ಮೇಲೆ ಆಡುತ್ತಿದ್ದ ಚೈತನ್ಯ ಒಂದು ಮಗ್ಗುಲಿಗೆ ವಾಲಿ, ಕಾಲೆತ್ತಿ, ತಟ್ಟನೆ ಬೋರಲು ಬಿದ್ದ. ಮೊದಲ ಸಲ. ಮಗು ತಾನಾಗಿ ಬೋರಲು ಬಿದ್ದರೆ ಕೊಬ್ಬರಿ ಸಕ್ಕರೆ ಹಂಚುವ ಪದ್ಧತಿ. ಸರ್ವಮಂಗಳಾ ಚಪ್ಪಾಳೆ ತಟ್ಟಿ ಒಳಗೆ ಓಡಿದರು. ಸುಮಾಳ ಮುಖ ಮಾತ್ರ ಬಿಳಿಚಿಕೊಂಡಿತು. ಮಗು ತಲೆಯೆತ್ತಿ ನಗುತ್ತಿತ್ತು. ರವಿಚಂದ್ರ ಪಕ್ಕಕ್ಕೆ ಬಂದ. "ಡಾಕ್ಟರು ಹೇಳಿದಾರಲ್ಲ, ಮಲಗಿಸುವಾಗ ನಾವು ಅಂಗಾತ ಮಲಗಿಸ್ಬೇಕು. ತಾನೇ ಎರಡೂ ಕಡೆ ಹೊರಳೋಕೆ ಶುರು ಮಾಡಿದ್ಮೇಲೆ ಅಷ್ಟು ಭಯ ಇಲ್ವಂತೆ," ಎಂದು ಅವಳ ಬೆನ್ನು ಸವರಿದ.

ಸುಮಾ ಅತ್ತಳು, ಬಿಕ್ಕಿ ಬಿಕ್ಕಿ ಅತ್ತಳು. ಎರಡು ವರ್ಷಕ್ಕೂ ಹೆಚ್ಚು ಕಾಲದಿಂದ ಯಾರೆದುರೂ ಹಾಗೆ ಅತ್ತಿರಲಿಲ್ಲ. ಆಮೇಲೆ ಮಗುವನ್ನು ಎತ್ತಿಕೊಂಡು ಬಂದು ಅಂಬುಜಮ್ಮನ ಕಾಲ ಬಳಿ ಕೂತು, ಮಗುವನ್ನು ಅವಳ ಮಡಿಲಿಗೆ ಇಟ್ಟಳು.

"ಅತ್ತೆ, ನಿಮ್ಮನ್ನ ತುಂಬಾ ದ್ವೇಷ ಮಾಡ್ಬಿಟ್ಟೆ. ದಿನಾ ಬೆಳಗ್ಗೆ ಎದ್ದು ನಿಮಗೆ ಶಾಪ ಹಾಕಿದೀನಿ. ನೀವು ಬೇಕು ಅಂತ ಮಾಡ್ಲಿಲ್ಲ, ನಂಗೊತ್ತು. ಇನ್ನು ದ್ವೇಷ ಮಾಡೋಕೆ ನನ್ನ ಕೈಲಾಗಲ್ಲ. ನಾನು ನಿಮ್ಮನ್ನ ಕ್ಷಮಿಸಿದೀನಿ ಅತ್ತೆ."

"ಆಗಿದ್ದು ಆಗೋಯ್ತು ಬುಡಮ್ಮ," ಎಂದ ರವಿಚಂದ್ರ. ಅಮ್ಮ ಎನ್ನುವ ಮಾತು ಅವನ ಬಾಯಿಂದ ಕೇಳಿ ಎರಡು ವರ್ಷಕ್ಕೂ ಮೇಲಾಗಿತ್ತು.

ಸಿದ್ದರಾಜು ಕುರ್ಚಿಯಿಂದ ಎದ್ದ. "ಸುಮಾ, ಕೇಳವ್ವ ಇಲ್ಲಿ..." ಎಂದ. ಅಂಬುಜಮ್ಮ ತಲೆಯೆತ್ತಿ ಅವನನ್ನು ನೋಡಿದಳು, ಅಷ್ಟೇ. ಅವನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ.

ಸರ್ವಮಂಗಳಾ ಕೊಬ್ಬರಿ ಸಕ್ಕರೆಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅಂಬುಜಮ್ಮ ಮಗುವನ್ನು ಒಂದು ತೋಳಿನಲ್ಲಿ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಸೊಸೆಯ ಎರಡೂ ಕೈ ಕೂಡಿಸಿ ಹಿಡಿದುಕೊಂಡಳು.

"ದೊಡ್ಡ ಮನಸ್ಸು ಕಣಮ್ಮ ನಿಂದು," ಎಂದಳು.