ಕೊಳಲು ಎಂದು ಬರೆದಿದ್ದ ಜಾಗ

ಕೊರಿಯರ್‌ನವನು ಕೊಟ್ಟುಹೋದ ಚಪ್ಪಟೆ ಡಬ್ಬವನ್ನು ಅಡುಗೆಮನೆಯ ಕತ್ತರಿಯಿಂದ ಬಿಡಿಸಿದಾಗ ಮೊದಲು ಮೂಗಿಗೆ ಬಂದದ್ದು ವಾಸನೆ. ಹೊಸ ರಟ್ಟು, ಅಚ್ಚಿನ ಶಾಯಿ, ಜೊತೆಗೆ ಚಪ್ಪಲಿ ಅಂಗಡಿಯಲ್ಲಿ ಬರುವಂಥ ಒಂದು ಘಾಟು. ಒಳಗಿದ್ದದ್ದು ಕರೀ ತಟ್ಟೆಯ ಎಲ್‌ಪಿ ರೆಕಾರ್ಡು. ಇಪ್ಪತ್ತೈದು ವರ್ಷಗಳ ಹಿಂದಿನ ನಮ್ಮ ಬ್ಯಾಂಡಿನ ಹಾಡುಗಳೆಲ್ಲ ಅದರಲ್ಲಿ ಒಟ್ಟಿಗೆ ಇದ್ದವು. ನಾನು ತಕ್ಷಣ ಕವರು ತಿರುಗಿಸಿ, ನಾಲ್ಕನೇ ಹಾಡಿನ ಕೆಳಗೆ ಒಂದು ಹೆಸರು ಬಂದಿದೆಯೇ ಎಂದು ಹುಡುಕಿದೆ. ಬಂದಿತ್ತು. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ನನಗೆ ಅವರು ಯಾವತ್ತೂ ಪಕ್ಕದ ಮನೆ ಆಂಟಿ.

ಆಗ ನಾವಿದ್ದದ್ದು ಜೆ.ಪಿ. ನಗರದಲ್ಲಿ. ಅಪ್ಪ ಮನೆ ಕಟ್ಟಿಸುವಾಗ ಆಸೆಯಿಂದ ಕಾರ್ ಶೆಡ್ ಮಾಡಿಸಿದ್ದರು. ಕಾರು ಕೊನೆಗೂ ಬರಲಿಲ್ಲ. ಕಾಲೇಜಿನ ನಾವು ನಾಲ್ವರು ಆ ಶೆಡ್ಡಿಗೆ ಗಿಟಾರು, ಡ್ರಮ್ಮು, ನನ್ನ ಕೀಬೋರ್ಡು ಸಾಗಿಸಿ, ಬ್ಯಾಂಡಿಗೆ ‘ಕಾರಿಲ್ಲದ ಶೆಡ್ಡು’ ಎಂದೇ ಹೆಸರಿಟ್ಟೆವು. ನಮ್ಮಂಥ ಹಾಡುಗಳನ್ನು ಇಂಡಿ-ಪಾಪ್ ಅನ್ನುತ್ತಾರೆ ಎಂದು ನನಗೆ ತಿಳಿದದ್ದು ಮೊನ್ನೆ ಮೊನ್ನೆ. ತಪ್ಪಿಹೋದ ಬಸ್ಸು, ಮಿನಿ ಫಾರೆಸ್ಟ್ ಪಾರ್ಕಿನ ಕಲ್ಲುಬೆಂಚು, ಪರೀಕ್ಷೆಯ ಹಿಂದಿನ ದಿನದ ಮಂಕು... ಅಂಥವುಗಳ ಮೇಲೆ ಮೆಲ್ಲಗೆ ಹಾಡಿಕೊಳ್ಳುತ್ತಿದ್ದೆವು, ಅಷ್ಟೆ.

ಶೆಡ್ಡಿಗೂ ಆಂಟಿಯ ಅಡುಗೆಮನೆಗೂ ನಡುವೆ ಎದೆಮಟ್ಟದ ಒಂದು ಕಾಂಪೌಂಡು. ಆಂಟಿಯ ಗಂಡ ಬ್ಯಾಂಕಿನಲ್ಲಿ ಮ್ಯಾನೇಜರು, ಮಗಳು ಮೈಸೂರಿನಲ್ಲಿ ಹಾಸ್ಟೆಲು ಸೇರಿದ್ದಳು, ಮನೆಯ ಆಡಳಿತವೆಲ್ಲ ಅತ್ತೆಯದು. ಆ ಅಜ್ಜಿ ಗೇಟಿನ ಬಳಿ ನಿಂತರೆ ಬೀದಿಯ ನಾಯಿಯೂ ದಾರಿ ಬದಲಿಸುತ್ತಿತ್ತು. ಆದ್ದರಿಂದ ಒಂದು ಮಧ್ಯಾಹ್ನ ಆಂಟಿಯ ಮುಖ ಗೋಡೆಯ ಮೇಲೆ ಕಾಣಿಸಿದಾಗ, ಗಲಾಟೆ ನಿಲ್ಲಿಸಿ ಅಂತ ಹೇಳಲು ಅಜ್ಜಿಯೇ ಕಳಿಸಿರಬೇಕು ಎಂದುಕೊಂಡೆವು.

“ಆ ಬಸ್ಸಿನ ಹಾಡಿದ್ಯಲ್ಲ, ಅದರ ಮಧ್ಯ ಖಾಲಿ ಬಿಡ್ತೀರಲ್ಲ... ಅದನ್ನ ಹಂಗೆ ಬಿಡಬಾರ್ದು ಕಣ್ರೋ,” ಎಂದರು.

“ಮತ್ತೇನ್ ಮಾಡೋದು ಆಂಟಿ?” ಎಂದ ಗಿಟಾರಿನವನು.

ಆಂಟಿ ಒಮ್ಮೆ ಹಿಂತಿರುಗಿ ತಮ್ಮ ಮನೆಯ ಕಡೆ ನೋಡಿದರು. ಆಮೇಲೆ ತುಟಿ ಚೂಪು ಮಾಡಿ ಸಿಳ್ಳೆಯಲ್ಲಿ ನಮ್ಮ ಹಾಡನ್ನು ತೋರಿಸಿಕೊಟ್ಟರು. ಟೆಂಟ್ ಸಿನಿಮಾದಲ್ಲಿ ಹುಡುಗರು ಹೊಡೆಯುವ ಸಿಳ್ಳೆಯಲ್ಲ ಅದು. ಗಮಕವಿತ್ತು, ಉಸಿರು ಎಲ್ಲಿ ಮುಗಿಯಿತೆಂದು ಗೊತ್ತಾಗುತ್ತಿರಲಿಲ್ಲ. ನಮ್ಮ ಡ್ರಮ್ಮಿನವನು ಕೋಲು ಕೆಳಗಿಟ್ಟು ಎದ್ದು ನಿಂತುಬಿಟ್ಟ.

ಆಂಟಿಯ ಅಪ್ಪ ಸಣ್ಣದೊಂದು ಊರಿನ ಸ್ಟೇಷನ್ ಮಾಸ್ಟರ್ ಆಗಿದ್ದರಂತೆ. ಎರಡು ರೈಲುಗಳ ನಡುವಿನ ಹೊತ್ತು ಕಳೆಯಲು ಪ್ಲಾಟ್‌ಫಾರ್ಮಿನಲ್ಲಿ ಅಡ್ಡಾಡುತ್ತ ಸಿಳ್ಳೆಯಲ್ಲಿ ಕೀರ್ತನೆ ನುಡಿಸುತ್ತಿದ್ದರಂತೆ. ಜೊತೆಗೆ ನಡೆಯುತ್ತಿದ್ದ ಮಗಳೂ ಕಲಿತಳು. ಮದುವೆಯಾಗಿ ಬಂದ ಮೊದಲ ವಾರವೇ ಒಗ್ಗರಣೆ ಹಾಕುವಾಗ ಬಾಯಿಗೆ ಸಿಳ್ಳೆ ಬಂದುಬಿಟ್ಟಿತು. “ಹೆಂಗಸು ಸಿಳ್ಳೆ ಹಾಕಿದ್ರೆ ಲಕ್ಷ್ಮಿ ಮನೇಲಿ ನಿಲ್ಲಲ್ಲ” ಎಂದರು ಅತ್ತೆ. ಅಲ್ಲಿಗೆ ಮುಗಿಯಿತು. ಮುಗಿಯಿತೆಂದು ಅತ್ತೆ ತಿಳಿದರು. ಆಂಟಿ ಮಾತ್ರ ಮಿಕ್ಸಿ ತಿರುಗುವಾಗ ಸಿಳ್ಳೆ ಹಾಕಿಕೊಳ್ಳುತ್ತಿದ್ದರು. “ಅದಕ್ಕೇ ನಮ್ಮನೆ ಚಟ್ನಿ ಇಡೀ ಬೀದಿಗೇ ನುಣ್ಣಗೆ” ಎಂದು ಅವರೇ ಹೇಳಿ ನಕ್ಕರು.

ಕ್ಯಾಸೆಟ್ಟಿಗಾಗಿ ರೆಕಾರ್ಡಿಂಗ್ ಮಾಡಲು ಹೊರಟಾಗ ಆಂಟಿಯನ್ನು ಕೇಳಿಯೇಬಿಟ್ಟೆವು. ಅವರು ಎರಡು ದಿನ ಗೋಡೆಯ ಕಡೆ ಬರಲಿಲ್ಲ. ಮೂರನೆಯ ದಿನ ಬಂದು, “ಮಂಗಳವಾರ ಅತ್ತೆ ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚೋಕೆ ಬನಶಂಕರಿ ಗುಡಿಗೆ ಹೋಗ್ತಾರೆ. ಮೂರರಿಂದ ನಾಲ್ಕೂವರೆ. ಆಗುತ್ತಾ?” ಎಂದರು. ರಾಹುಕಾಲದಲ್ಲಿ ಒಳ್ಳೆಯ ಕೆಲಸ ಶುರುಮಾಡಬಾರದು ಎನ್ನುತ್ತಾರೆ. ನಮಗೆ ಬೇರೆ ಕಾಲ ಇರಲಿಲ್ಲ.

ಆ ಮಂಗಳವಾರ ಅವರು ತುಟಿಗೆ ತುಪ್ಪ ಸವರಿಕೊಂಡು, ಒಂದು ಲೋಟ ಬಿಸಿನೀರು ಹಿಡಿದು ಶೆಡ್ಡಿಗೆ ಬಂದರು. “ನೀವೆಲ್ಲ ಆ ಕಡೆ ತಿರುಗಿ” ಎಂದು ಆಜ್ಞೆಯಾಯಿತು. ನಾವು ಗೋಡೆಗೆ ಮುಖ ಮಾಡಿ ನಿಂತೆವು. ಮೊದಲನೆಯ ಸಲ ತರಕಾರಿ ಗಾಡಿಯವನು ಕೂಗಿ ಕೆಡಿಸಿದ. ಎರಡನೆಯ ಸಲ ಅವರಿಗೇ ನಗು ಬಂತು. ಮೂರನೆಯದು ಸರಾಗವಾಗಿ ಮುಗಿಯಿತು. ತಿರುಗಿ ನೋಡಿದರೆ ಆಂಟಿ ಲೋಟ ಎತ್ತಿಕೊಂಡು ಹೊರಟಿದ್ದರು.

“ಹೆಸರು ಹಾಕ್ಬೇಡಿ. ಕೊಳಲು ಅಂತ ಬರ್ಕೊಳ್ಳಿ,” ಎಂದರು ಗೇಟಿನ ಹತ್ತಿರ. ಕ್ಯಾಸೆಟ್ಟಿನ ಕಾಗದದಲ್ಲಿ ಹಾಗೆಯೇ ಅಚ್ಚಾಯಿತು. ಕೊಳಲು ಎಂಬ ಪದ, ಅದರ ಮುಂದೆ ಖಾಲಿ ಜಾಗ.

ಆ ವರ್ಷ ಗೌರಿಹಬ್ಬದ ಅರಿಶಿನ ಕುಂಕುಮಕ್ಕೆ ಅತ್ತೆ ಸೊಸೆ ಇಬ್ಬರೂ ನಮ್ಮ ಮನೆಗೆ ಬಂದಿದ್ದರು. ಅಮ್ಮ ಹೆಮ್ಮೆಯಿಂದ ಕ್ಯಾಸೆಟ್ ಹಾಕಿದಳು. ನಾಲ್ಕನೆಯದಾಗಿ ಆ ಬಸ್ಸಿನ ಹಾಡು ಬಂದಾಗ ನಾನು ಅಜ್ಜಿಯ ಮುಖವನ್ನೇ ನೋಡುತ್ತಿದ್ದೆ. ಅಜ್ಜಿ ತಲೆದೂಗುತ್ತ ಕೇಳಿ, “ಕೊಳಲು ಯಾರೋ ಮಹಾನುಭಾವ ನುಡಿಸಿದ್ದಾನೆ ಕಣೇ. ಕೃಷ್ಣ ಬಂದಂಗಿದೆ,” ಎಂದು ಸೊಸೆಗೆ ಹೇಳಿದರು. “ಹೌದು ಅತ್ತೆ, ಚೆನ್ನಾಗಿದೆ” ಎಂದರು ಆಂಟಿ. ಬಾಗಿನದ ಮೊರ ಹಿಡಿದಿದ್ದ ಅವರ ಮುಖದಲ್ಲಿ ಆವತ್ತು ಕಂಡ ಬೆಳಕನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ...

ಕ್ಯಾಸೆಟ್ಟು ಅಷ್ಟಾಗಿ ಯಾರಿಗೂ ತಲುಪಲಿಲ್ಲ. ಬ್ಯಾಂಡು ಸದ್ದಿಲ್ಲದೆ ಮುಗಿಯಿತು. ಮದುವೆಯಾಗಿ ನಾನು ಬನಶಂಕರಿ ಬಡಾವಣೆಗೆ ಬಂದೆ. ಗಂಡ ತೀರಿಕೊಂಡ ಮೇಲೆ ಆಂಟಿ ಗೊಟ್ಟಿಗೆರೆಯಲ್ಲಿ ಮಗಳ ಮನೆ ಸೇರಿದರು. ಒಮ್ಮೆ ಜಯನಗರದ ಛತ್ರವೊಂದರಲ್ಲಿ, ಯಾರದೋ ಮದುವೆಯ ಊಟದ ಸಾಲಿನಲ್ಲಿ ಸಿಕ್ಕಿದ್ದರು. “ಹಲ್ಲು ಕಟ್ಟಿಸ್ಕೊಂಡೆ ಕಣೇ. ಈಗ ಬರೀ ಗಾಳಿ ಬರುತ್ತೆ,” ಎಂದು ನಕ್ಕು ಫೋನ್ ನಂಬರು ಬರೆಸಿದರು. ಫೋನ್ ಮಾಡಬೇಕು ಎಂದುಕೊಂಡೆ. ಮಾಡಲಿಲ್ಲ.

ಕಳೆದ ವರ್ಷ ದೂರದ ದೇಶದ ಯುವಕನೊಬ್ಬ ನನಗೊಂದು ಮೇಲ್ ಬರೆದ. ಯಾರ ಅಟ್ಟದಿಂದಲೋ ಇಂಟರ್‌ನೆಟ್ಟಿಗೆ ಹತ್ತಿದ ನಮ್ಮ ಕ್ಯಾಸೆಟ್ಟು ಅವನ ಕಿವಿಗೆ ಬಿದ್ದಿತ್ತು. ಮರೆತುಹೋದ ಬ್ಯಾಂಡುಗಳ ಹಾಡುಗಳನ್ನು ರೆಕಾರ್ಡಿನಲ್ಲಿ ತರುವುದು ಅವನ ಕೆಲಸವಂತೆ. ಎಲ್ಲ ವಿವರ ಕೇಳಿ, ಕೊನೆಗೆ, ನಾಲ್ಕನೇ ಹಾಡಿನ ಕೊಳಲು ಯಾರದು ಎಂದಿದ್ದ.

ಆಂಟಿ ಬರೆಸಿದ್ದ ಆ ನಂಬರಿಗೆ ಆವತ್ತು ಫೋನ್ ಮಾಡಿದೆ. ಎತ್ತಿದವಳು ಮಗಳು. ಆಂಟಿ ಹೋಗಿ ಮೂರು ವರ್ಷವಾಗಿತ್ತು.

ಗೊಟ್ಟಿಗೆರೆಗೆ ಹೋಗಿ, ಮಗಳ ಎದುರು ಕೂತು, ಮೊಬೈಲಿನಲ್ಲಿ ಹಾಡು ಕೇಳಿಸಿದೆ. ಇದು ಕೊಳಲಲ್ಲ, ನಿಮ್ಮಮ್ಮ ಎಂದೆ. ಅವಳು ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖ ಗಂಟಾಯಿತು.

“ಆರನೇ ಕ್ಲಾಸಲ್ಲಿ ನಾನು ಸಿಳ್ಳೆ ಹಾಕಿದ್ದಕ್ಕೆ ಅಮ್ಮ ಬಾಯಿ ಮೇಲೆ ಹೊಡೆದಿದ್ರು ಗೊತ್ತಾ? ತುಟಿ ಒಡೆದಿತ್ತು.” ಮೊಬೈಲನ್ನು ನನ್ನ ಕಡೆ ಸರಿಸಿ, “ನಿಮಗೆಲ್ಲ ಗೊತ್ತಿತ್ತು. ನಂಗ್ಯಾಕೆ ಹೇಳ್ಲಿಲ್ಲ?” ಎಂದಳು.

ಅಜ್ಜಿ ಹೊಡೆಯುವ ಮೊದಲೇ ಆಂಟಿ ತಾವೇ ಹೊಡೆದರೋ ಏನೋ... ಅದನ್ನು ಹೇಳುವ ಅಧಿಕಾರ ನನಗೆಲ್ಲಿತ್ತು? ಹೆಸರು ಹಾಕಬಹುದೇ ಎಂದಷ್ಟೇ ಕೇಳಿದೆ. ಆಂಟಿಯೇ ಬೇಡ ಎಂದಿದ್ದರು ಎಂಬುದನ್ನೂ ಮುಚ್ಚಿಡಲಿಲ್ಲ. “ಯೋಚ್ನೆ ಮಾಡಿ ಹೇಳ್ತೀನಿ” ಎಂದಳು. ವಾರವಾದ ಮೇಲೆ ಒಂದು ಮೆಸೇಜು ಬಂತು. ಅದರಲ್ಲಿ ನಾನೆಂದೂ ಕೇಳದ ಒಂದು ಹೆಸರು, ಕೆಳಗೆ ಒಂದೇ ಸಾಲು: ‘ಮದ್ವೇಲಿ ಹೆಸರು ಬದಲಾಯ್ಸಿದ್ರು. ಇದು ತಾತ ಇಟ್ಟಿದ್ದು. ಸಿಳ್ಳೆ ಅಂತಾನೇ ಹಾಕ್ಸಿ.’

ಮೊನ್ನೆ ಭಾನುವಾರ ಒಂದು ರೆಕಾರ್ಡು ತೆಗೆದುಕೊಂಡು ಹೋಗಿ ಕೊಟ್ಟೆ. ಅವರ ಮನೆಯಲ್ಲಿ ಅದನ್ನು ನುಡಿಸುವ ಯಂತ್ರವಿಲ್ಲ, ನಮ್ಮ ಮನೆಯಲ್ಲೂ ಇಲ್ಲ. ಇಬ್ಬರೂ ಕವರು ನೋಡಿಕೊಂಡು ಕಾಫಿ ಕುಡಿದೆವು. ಅವಳು ಆ ಮಂಗಳವಾರದ ಬಗ್ಗೆ ಒಂದೊಂದೇ ಕೇಳುತ್ತ ಹೋದಳು. ಅಮ್ಮ ಹೆದರಿದ್ದರಾ, ಚಪ್ಪಲಿ ಹೊರಗೆ ಬಿಟ್ಟಿದ್ದರಾ, ಮೊದಲು ಏನಂದರು... ಗೊತ್ತಿದ್ದದ್ದನ್ನೆಲ್ಲ ಹೇಳಿದೆ.

“ಯಾವ ಸೀರೆ ಉಟ್ಟಿದ್ರು?” ಎಂದಳು.

ಎಷ್ಟು ತಡಕಾಡಿದರೂ ಆ ಸೀರೆ ನನಗೆ ಸಿಗಲಿಲ್ಲ. ನೆನಪಿಲ್ಲ ಎಂದೆ.

“ಅವರದೊಂದು ಹಸಿರು ಮೈಸೂರು ಸಿಲ್ಕ್ ಇತ್ತು, ಸಣ್ಣ ಅಂಚಿಂದು. ಅದೇ ಅಂತ ಅಂದ್ಕೊಳ್ಳಲಾ?”

“ಅದೇ ಇರ್ಬೇಕು,” ಎಂದೆ.